ರೈಸ್ ಮಿಲ್ಲಿನಲ್ಲಿ ಕಾವಲಿಗಿಟ್ಟ ಗಾಡಿ

ಬಾಡಿಗೆ ಕೊಟ್ಟು ನನ್ನ ಮೋಟಾರ್ ಸೈಕಲ್ಲನ್ನು ಇನ್ನೊಂದು ಊರಿನಲ್ಲಿ ಇಟ್ಟದ್ದು ಕಳ್ಳರ ಭಯಕ್ಕಲ್ಲ. ಕಳ್ಳನಿಗೆ ಒಂದು ಬೀಗ ಸಾಕು. ನೆಂಟರಿಗೆ ಬೀಗ ಸಾಲುವುದಿಲ್ಲ, ಊರೇ ಬೇರೆಯಾಗಬೇಕು ಎಂದು ಯೋಚಿಸಿದೆ. ನಂಜನಗೂಡಿನಲ್ಲಿ ಮನೆ, ತಿ. ನರಸೀಪುರದಲ್ಲಿ ಗಾಡಿ. ನೋಡಿದವರು ನಕ್ಕರು. ನಗಲಿ ಎಂದುಕೊಂಡೆ.

ನನಗೀಗ ಅರವತ್ತೆಂಟು. ತಿ. ನರಸೀಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಆರೋಗ್ಯ ಇಲಾಖೆಯ ನರ್ಸಾಗಿ ದುಡಿದು ನಿವೃತ್ತಳಾದವಳು. ತರಬೇತಿ ಪಡೆದದ್ದು ಒಂದು ಮಿಷನ್ ಆಸ್ಪತ್ರೆಯಲ್ಲಿ. ಅಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು. ಹಾಸಿಗೆಯ ಚಾದರದ ಮೂಲೆ ಲಕೋಟೆಯಂತೆ ಮಡಿಸಿರಬೇಕು. ಮೇಟ್ರನ್ ಕಿಟಕಿಯ ಚೌಕಟ್ಟಿನ ಮೇಲೆ ಬೆರಳು ಎಳೆದು ನೋಡುತ್ತಿದ್ದರು. ಬೆರಳಿಗೆ ಧೂಳು ಹತ್ತಿದರೆ ಆ ವಾರ ಯಾರೂ ಹೊರಗೆ ಹೋಗುವಂತಿಲ್ಲ. ನನ್ನ ಜೊತೆಯವರು ಬಹಳ ಮಂದಿ ಅದನ್ನು ಜೈಲು ಎಂದರು. ನನಗೆ ಹಿಡಿಸಿತು. ಒಂದು ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡಿ ಮುಗಿಸಿದರೆ ಅದರ ಬಗ್ಗೆ ಯಾರಿಗೂ ಉತ್ತರ ಕೊಡಬೇಕಾಗಿಲ್ಲ ಎನ್ನುವ ನೆಮ್ಮದಿ ಅಲ್ಲಿ ಕಲಿತದ್ದು. ಅದು ಎಲ್ಲ ಕಡೆ ನಡೆಯುವುದಿಲ್ಲ ಎಂಬುದನ್ನು ಕಲಿಯಲು ಮದುವೆಯಾಗಬೇಕಾಯಿತು.

ಗಾಡಿ ಮೈಸೂರಿನಲ್ಲೇ ತಯಾರಾಗುತ್ತಿದ್ದದ್ದು. ನಮ್ಮ ಕಡೆಯವರಿಗೆ ಅದರ ಹೆಸರು ಹೇಳಬೇಕಾಗಿಲ್ಲ. ಎರಡು ಹೊಗೆ ಕೊಳವೆ, ಕಡುಗೆಂಪು ಬಣ್ಣದ ಟ್ಯಾಂಕು, ಬೀದಿಯ ತುದಿಯಲ್ಲಿದ್ದಾಗಲೇ ಮನೆಯೊಳಗೆ ಕೇಳುವ ಡಬಡಬ ಸದ್ದು. ಇಲಾಖೆಯಿಂದ ವಾಹನ ಸಾಲ ಪಡೆದು ನಾನು ಕೊಂಡೆ. ಕಂತು ಹಿಡಿದದ್ದು ನನ್ನ ಸಂಬಳದಲ್ಲಿ. ಆರ್‌ಸಿ ನನ್ನ ಹೆಸರಿನಲ್ಲಿದೆ. ಆದರೆ ಅದನ್ನು ಅಂಗಡಿಯಿಂದ ಹೊರಗೆ ತಂದದ್ದು ನನ್ನ ಗಂಡ. ನಂಜನಗೂಡು ತಾಲ್ಲೂಕಿನಲ್ಲಿರುವ ಅವರ ಊರು ದೇವನೂರಿಗೆ ಓಡಿಸಿಕೊಂಡು ಹೋಗಿ, ಮನೆಯ ಮುಂದೆ ನಿಲ್ಲಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸಿದ್ದೂ ಅವರೇ. ಅವತ್ತಿನಿಂದ ಅದು ಊರವರ ಬಾಯಲ್ಲಿ ಅವರ ಗಾಡಿ. ಕಂತು ಕಟ್ಟುವವಳು ನಾನು ಎಂದು ಅಂದೇ ಹೇಳಿದೆ. ನನ್ನ ಅತ್ತೆ ತಟ್ಟೆಯಲ್ಲಿದ್ದ ಕುಂಕುಮವನ್ನು ಗಾಡಿಯ ದೀಪಕ್ಕೆ ಹಚ್ಚುತ್ತ, "ಯಾರ್ ಕಟ್ಟುದ್ರೇನವ್ವಾ, ಎಡ್ತಿ ಸಂಬ್ಳ ಗಂಡಂದೇ ಅಲ್ವಾ?" ಎಂದರು. ಎಲ್ಲರೂ ನಕ್ಕರು. ಗಂಡನೂ ನಕ್ಕರು.

ಅವರು ತಿ. ನರಸೀಪುರದಲ್ಲಿ ಗುಮಾಸ್ತರಾಗಿದ್ದರು. ನಾವಿದ್ದದ್ದೂ ಅಲ್ಲೇ. ಬೆಳಿಗ್ಗೆ ನನ್ನನ್ನು ಹಳ್ಳಿಗೆ ಬಿಟ್ಟು ಕಚೇರಿಗೆ ಹೋಗುವುದು ಎಂದು ಮಾತಾಗಿತ್ತು. ಗಾಡಿ ಕೊಂಡದ್ದೇ ಅದಕ್ಕೆ. ಅವರು ಎದ್ದು, ಕಾಫಿ ಕುಡಿದು, ಪೇಪರ್ ಓದಿ, ಮತ್ತೆ ಕಾಫಿ ಕುಡಿಯುವಷ್ಟರಲ್ಲಿ ನನ್ನ ಲಸಿಕೆ ಡಬ್ಬಿಯೊಳಗಿನ ಮಂಜುಗಡ್ಡೆ ಕರಗತೊಡಗುತ್ತಿತ್ತು. ಅದು ಯಾರ ಕಾಫಿಗೂ ಕಾಯುವುದಿಲ್ಲ. ಹಳ್ಳಿಯಲ್ಲಿ ತಾಯಂದಿರು ಕೂಲಿ ಬಿಟ್ಟು, ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ನಿಂತಿರುತ್ತಿದ್ದರು. ಒಂದು ದಿನ ನಾನು ತಲುಪುವ ಹೊತ್ತಿಗೆ ಅವರೆಲ್ಲ ಗದ್ದೆಗೆ ಹೋಗಿಯಾಗಿತ್ತು. ಲಸಿಕೆಯನ್ನು ಚೆಲ್ಲಿ ಬಂದೆ. ಮುಂದಿನ ಭಾನುವಾರ ಆಸ್ಪತ್ರೆಯ ಜೀಪಿನ ಡ್ರೈವರನ್ನು ಕರೆದುಕೊಂಡು ಸೋಸಲೆಯ ನಾಲೆ ಏರಿಯ ಮೇಲೆ ಗಾಡಿ ಕಲಿತೆ. ಆ ಗಾಡಿಯಲ್ಲಿ ಕಿಕ್ ಹೊಡೆಯುವ ಕಡ್ಡಿಯೇ ಮಡಚಿದರೆ ಗೇರಿನ ಕಡ್ಡಿ. ಅದು ಪಾದಕ್ಕೆ ರೂಢಿಯಾಗುವಷ್ಟರಲ್ಲಿ ಮೀನಖಂಡ ಪೆಟ್ಟು ತಿಂದು ಹಸಿರುಗಟ್ಟಿತು.

ಆಮೇಲೆ ನಾನು ಗಂಡನನ್ನು ಏಳಿಸಲಿಲ್ಲ. ಬಿಳಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಡಬ್ಬಿಯನ್ನು ಹಿಂದಿನ ಸೀಟಿಗೆ ಕಟ್ಟಿ ಹೊರಡುತ್ತಿದ್ದೆ. ನನ್ನ ಸದ್ದು ಕೇಳಿದರೆ ಹಳ್ಳಿಯ ಮಕ್ಕಳು, "ನರ್ಸಮ್ಮ ಬತ್ತಾವ್ಳೆ ಕಣ್ರಲಾ, ಸೂಜಿ ಬತ್ತು ಓಡ್ರಲಾ!" ಎಂದು ಬಣವೆಯ ಹಿಂದೆ ಅವಿತುಕೊಳ್ಳುತ್ತಿದ್ದವು. ತಾಯಂದಿರಿಗೆ ಅದೇ ಗಂಟೆ. ಕೂಸುಗಳನ್ನು ಹಿಡಿದು ತರುತ್ತಿದ್ದರು. ಜಗಲಿಯ ಮೇಲೆ ಕೂತ ಗಂಡಸರು ಏನಾದರೂ ಒಂದು ಅನ್ನುತ್ತಿದ್ದರು. "ಏನವ್ವಾ, ಗಂಡನ್ ಗಾಡಿ ಕದ್ಕಂಡ್ ಬಂದ್ಯಾ?" ಎಂದು ಒಬ್ಬ ಮುದುಕ ಪ್ರತಿ ಸಲವೂ ಕೇಳುತ್ತಿದ್ದ. ಅವನಿಗೂ ಆಮೇಲೆ ಕಾಲಿನ ಹುಣ್ಣಿಗೆ ಬ್ಯಾಂಡೇಜು ಕಟ್ಟಿದೆ. ಕಟ್ಟಿಸಿಕೊಳ್ಳುತ್ತ ಮತ್ತೆ ಅದನ್ನೇ ಕೇಳಿದ.

ಗಂಡ ತೀರಿಕೊಂಡ ಮೇಲೆ ನಂಜನಗೂಡಿಗೆ ಬಂದೆ. ಮೈಸೂರಿಗೆ ರೈಲು, ಬಸ್ಸು ಎರಡೂ ಇವೆ. ಒಬ್ಬಳಿಗೆ ಸಾಕಾಗುವ ಮನೆ ಸಿಕ್ಕಿತು. ಮಕ್ಕಳಿಲ್ಲ. ಮನೆ ಇರುವುದು ಓಣಿಯ ಕೊನೆಗೆ, ನಾಲ್ಕಾರು ಮೆಟ್ಟಿಲು ಹತ್ತಿ. ಗಾಡಿ ಓಣಿಯ ಬಾಯಲ್ಲಿ ನಿಲ್ಲಬೇಕು. ಪೆಟ್ರೋಲು ಯಾರೋ ಹೀರಿದರು. ಇನ್ಯಾರೋ ಸೀಟು ಕೊಯ್ದರು. ಒಂದು ಮಳೆಗಾಲ ಕಪಿಲೆ ತುಂಬಿ ನೀರು ಓಣಿಯ ಬಾಯಿಗೂ ಬಂತು. ನಾನು ಮೊಣಕಾಲು ನೀರಿನಲ್ಲಿ ಗಾಡಿಯನ್ನು ಎತ್ತರದ ಬೀದಿಗೆ ತಳ್ಳಿದೆ. ಇಷ್ಟನ್ನೂ ತಡೆದುಕೊಳ್ಳುತ್ತಿದ್ದೆ.

ತಡೆಯಲಾಗದ್ದು ದೇವನೂರಿನವರು. ಮೈದುನ, ಅವನ ಮಗ. ತಾಲ್ಲೂಕು ಕಚೇರಿಗೋ ಬ್ಯಾಂಕಿಗೋ ಬಸ್ಸಿನಲ್ಲಿ ಬಂದು ಇಳಿದರೆ ನೇರ ನನ್ನ ಮನೆಗೆ. "ಒಂದ್ ರೌಂಡ್ ದೊಡ್ಡವ್ವ, ಇಲ್ಲೇ ಬ್ಯಾಂಕ್ ತಂಕ" ಎಂದು ಹುಡುಗ ಕೀಲಿ ತೆಗೆದುಕೊಂಡು ಹೋಗುತ್ತಿದ್ದ. ಗಾಡಿ ಸಂಜೆ ಬರುತ್ತಿತ್ತು. ಬಂದಾಗ ಕನ್ನಡಿ ಒಡೆದಿರುತ್ತಿತ್ತು, ಟ್ಯಾಂಕು ಒಣಗಿರುತ್ತಿತ್ತು. ಹುಡುಗ ಎಂದರೂ ಇಪ್ಪತ್ತೆಂಟು ವರ್ಷದವನು, ಕೆಟ್ಟವನಲ್ಲ. ಹಳೆಯ ಗಾಡಿಗಳಿಗೆ ಈಗ ಬೆಲೆ ಬಂದಿದೆ, ಅದರ ಮೇಲೆ ಕೂತು ಫೋಟೊ ಹಾಕಿದರೆ ಮೆಚ್ಚುವವರಿದ್ದಾರೆ. ಅಷ್ಟು ಅವನ ಆಸೆ.

ದೇವನೂರಿನಲ್ಲಿ ಗಂಡನ ವರ್ಷದ ಎಡೆ ಇಟ್ಟ ದಿನ ಊಟವಾದ ಮೇಲೆ ಅವನು ಬಂದು ನನ್ನ ಪಕ್ಕ ಕೂತ.

"ದೊಡ್ಡವ್ವ, ಒಂದ್ ಮಾತು. ದೊಡ್ಡಪ್ಪನ್ ಗಾಡಿ ನಂಗ್ ಕೊಟ್ಬುಡಿ. ನಾ ಚೆನ್ನಾಗ್ ನೋಡ್ಕತೀನಿ."

"ಅದು ನನ್ ಗಾಡಿ. ನಾನೇ ನೋಡ್ಕೋತೀನಿ."

"ನಿಮ್ದೇ, ಇಲ್ಲ ಅಂದ್ನಾ? ಆದ್ರೆ ದೊಡ್ಡಪ್ಪಂದು ಅಂತ ಒಂದ್ ಗ್ನಾಪ್ಕ ನಮ್ಮನೇಲಿ ಇರ್ಬೇಡ್ವಾ?"

ಅಡಿಗೆ ಮನೆಯಿಂದ ಅವನ ತಾಯಿ, "ಅಕ್ಕಾರು ಈ ವಯಸ್ನಲ್ಲಿ ಅದ್ನ ಎಲ್ಲಿಗ್ ಓಡುಸ್ತಾರ್ಲಾ, ಕೊಡ್ತಾರೆ ಬುಡು" ಎಂದು ಕೂಗಿ ಹೇಳಿದಳು. ನಾನು ಎಲೆ ಎತ್ತಿ, ಕೈ ತೊಳೆದು ಬಸ್ಸು ಹಿಡಿದೆ.

ತಿ. ನರಸೀಪುರದ ಮಿಲ್ಲಿನ ವಿಷಯ ತಿಳಿದದ್ದು ಆ ವಾರವೇ. ಅಲ್ಲಿ ಒಂದು ಹಳೆಯ ರೈಸ್ ಮಿಲ್ಲು ನಿಂತುಹೋಗಿತ್ತು. ಮಾಲೀಕ ಯಂತ್ರಗಳನ್ನು ಮಾರಿ, ಅಕ್ಕಿ ತುಂಬುತ್ತಿದ್ದ ಗೋಡೌನನ್ನು ಸಾಲುಸಾಲು ಗೂಡುಗಳಾಗಿ ಮಾಡಿ ಗಾಡಿ ನಿಲ್ಲಿಸಲು ಬಾಡಿಗೆಗೆ ಕೊಡುತ್ತಿದ್ದ. ದಿನದ ಸ್ಟ್ಯಾಂಡು ಅಲ್ಲ, ತಿಂಗಳ ಲೆಕ್ಕ. ಒಂದೊಂದು ಗೂಡಿಗೂ ಶಟರು. ಬಾಗಿಲಲ್ಲಿ ಕ್ಯಾಮೆರಾ, ಕಾಂಪೌಂಡಿನ ಗೋಡೆಯ ಮೇಲೆ ಗಾಜಿನ ಚೂರು, ಒಂದು ಕಪ್ಪು ನಾಯಿ. ಜಾಗ ಎತ್ತರದಲ್ಲಿದೆ, ಹೊಳೆ ತುಂಬಿದರೂ ನೀರು ಬರುವುದಿಲ್ಲ. ಪರದೇಶದಲ್ಲಿ ದುಡಿಯುವವರ ಗಾಡಿ, ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಸಿಕ್ಕಿದ ಗಾಡಿ, ಎಲ್ಲ ಅಲ್ಲಿದ್ದವು. ವಾರಕ್ಕೊಮ್ಮೆ ಎಂಜಿನ್ ಚಾಲೂ ಮಾಡಿ ನಿಲ್ಲಿಸುವುದೂ ಬಾಡಿಗೆಯಲ್ಲೇ ಸೇರಿತ್ತು. ಅದಕ್ಕಾಗಿ ಶಟರಿನದೂ ಗಾಡಿಯದೂ ಸೇರಿ ಒಂದು ಜೊತೆ ಕೀಲಿ ಅವನ ಬಳಿ, ಒಂದು ಜೊತೆ ನನ್ನ ಬಳಿ.

ಮಾಲೀಕ ಐವತ್ತರ ಆಸುಪಾಸಿನವನು, ಮಾತು ಹೆಚ್ಚು. ನನ್ನ ಊರು ಕೇಳಿ, ಗಂಡನ ಊರು ಕೇಳಿ, "ದೇವನೂರಾ! ನಮ್ ಮನೆಯೋಳು ಆ ಕಡೆಯೋಳೇ ಕಣವ್ವಾ. ಅಂಗಾರೆ ನೀವು ನಮ್ಮೋರೇ ಆದ್ರಿ. ನಿಮ್ ಗಾಡಿ ನನ್ ಗಾಡಿ ಇದ್ದಂಗೆ, ನೀವ್ ನಿದ್ದೆ ಮಾಡಿ" ಎಂದ. ನಾನು ಬೇರೆ ತಾಲ್ಲೂಕಿಗೆ ಬಂದದ್ದೇ ನಮ್ಮವರಿಂದ ತಪ್ಪಿಸಿಕೊಳ್ಳಲು. ಆದರೆ ತಾಲ್ಲೂಕಿನ ಗಡಿ ಇರುವುದು ಕಂದಾಯದವರಿಗೆ. ಹೆಣ್ಣು ಕೊಟ್ಟು ತರುವವರಿಗೆ ಗಡಿ ಎಲ್ಲಿಯದು? ಇದು ನನಗೆ ಅವತ್ತು ಹೊಳೆಯಬೇಕಿತ್ತು. ಶಟರಿನ ದಪ್ಪ ನೋಡಿ ಸಮಾಧಾನಪಟ್ಟೆ.

ಹಾಗೆ ಒಂದು ವ್ಯವಸ್ಥೆ ನಡೆಯಿತು. ತಿಂಗಳ ಮೊದಲ ಭಾನುವಾರ ಬೆಳಗಿನ ಬಸ್ಸಿಗೆ ನಂಜನಗೂಡಿನಿಂದ ಹೊರಡುತ್ತಿದ್ದೆ. ಚೀಲದಲ್ಲಿ ಹೆಲ್ಮೆಟ್ಟು, ಒರೆಸುವ ಬಟ್ಟೆ, ಪೆಟ್ರೋಲಿಗೆ ಬೆರೆಸುವ ಆಯಿಲ್ ಡಬ್ಬಿ, ಎರಡು ಇಡ್ಲಿ. ಬಾಡಿಗೆ ಕೊಟ್ಟು, ಗಾಡಿ ಒರೆಸಿ, ಚಕ್ರದ ಗಾಳಿ ನೋಡಿ, ಸೋಸಲೆಯ ದಾರಿ ಹಿಡಿಯುತ್ತಿದ್ದೆ. ಈಗ ಸೀರೆ ಇಲ್ಲ, ಚೂಡಿದಾರ. ಹೊಳೆಯ ದಡದಲ್ಲಿ ಇಡ್ಲಿ ತಿಂದು, ನಾಲೆ ಏರಿಯ ಮೇಲೆ ಒಂದಷ್ಟು ದೂರ ಹೋಗಿ ಬಂದು, ಗಾಡಿಯನ್ನು ಗೂಡಿಗೆ ಸೇರಿಸಿ, ಪೆಟ್ರೋಲ್ ಕೊಳಾಯಿ ಮುಚ್ಚಿ, ಮಧ್ಯಾಹ್ನದ ಊಟಕ್ಕೆ ನಂಜನಗೂಡು. ನನ್ನ ತಿಂಗಳಲ್ಲಿ ನಾನು ಯಾರ ಅಕ್ಕನೂ ಅತ್ತಿಗೆಯೂ ವಿಧವೆಯೂ ಅಲ್ಲದ ಹೊತ್ತು ಅದೊಂದೇ. ಅದಕ್ಕಾಗಿ ಬಾಡಿಗೆ ಕೊಡುತ್ತಿದ್ದೆ. ಬೇರೆಯವರು ಇದಕ್ಕಿಂತ ಹೆಚ್ಚು ಹಣವನ್ನು ಇದಕ್ಕಿಂತ ಕಡಿಮೆಯದಕ್ಕೆ ಕೊಡುತ್ತಾರೆ.

ಕಳೆದ ವರ್ಷ ಅಂಥದೊಂದು ಭಾನುವಾರ ಹೋಗಿ ಶಟರು ಎತ್ತಿದರೆ ಗೂಡು ಖಾಲಿ. ನೆಲದ ಮೇಲೆ ಎಣ್ಣೆಯ ಕಲೆ ಮಾತ್ರ ಇತ್ತು. ಮಾಲೀಕ ಹಲ್ಲುಜ್ಜುತ್ತ ಬಂದ.

"ಅಲ್ಲವ್ವಾ, ಗಾಡಿ ಬುಧವಾರನೇ ಓಯ್ತಲ್ಲ. ನಿಮ್ ಮಗ, ನಿಮ್ ಮೈದುನ್ರು ಬಂದು ತಕ್ಕಂಡೋದ್ರು. ನಿಮ್ಗೆ ಏಳ್ನಿಲ್ವಾ?"

"ನನಗೆ ಮಗ ಇಲ್ಲ."

"ಮಗ ಅಂದ್ರೆ ಮೈದುನ್ರ ಮಗ. ಮಗನೇ ಆಯ್ತಲ್ಲ ಅದು?"

"ನೀವು ಯಾಕೆ ಕೊಟ್ರಿ? ನನಗೊಂದು ಫೋನ್ ಮಾಡಬೇಕಿತ್ತು."

"ಮನೆ ಗಂಡಸ್ರೇ ಬಂದವ್ರೆ, ಇನ್ ನಿಮ್ಗ್ಯಾಕೆ ತೊಂದ್ರೆ ಕೊಡವ ಅಂತ. ನಾನೇನ್ ಕಳ್ಳಂಗೆ ಎತ್ತಿಕೊಟ್ನಾ? ಬನ್ನಿ, ಕ್ಯಾಮೆರಾದಲ್ಲೇ ತೋರುಸ್ತೀನಿ, ಎಂಗ್ ಬಂದಿದ್ರು ಅಂತ."

ತೋರಿಸಿದ. ಕ್ಯಾಮೆರಾ ತನ್ನ ಕೆಲಸವನ್ನು ಚೆನ್ನಾಗಿ ಮಾಡಿತ್ತು. ಮೈದುನ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು, ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಲಗ್ನಪತ್ರಿಕೆ ಹಿಡಿದು ಗೇಟಿನೊಳಗೆ ಬರುತ್ತಾನೆ. ಮಾಲೀಕ ಎದ್ದು ನಿಂತು ತಟ್ಟೆಯನ್ನು ಎರಡು ಕೈಯಲ್ಲಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಾನೆ. ನಾಯಿ ಬಾಲ ಆಡಿಸುತ್ತದೆ. ಮಾಲೀಕನೇ ಮುಂದೆ ನಡೆದು, ಶಟರು ಎತ್ತಿ, ಗಾಡಿ ಹೊರಗೆ ತಳ್ಳಿಕೊಡುತ್ತಾನೆ. ಹುಡುಗ ಬಾಗಿ ಟ್ಯಾಂಕಿಗೆ ನಮಸ್ಕಾರ ಮಾಡುತ್ತಾನೆ.

"ಇಂಥೋರ್ಗೆ ಇಲ್ಲ ಅನ್ನಕಾಯ್ತದಾ ಅವ್ವಾ? ಮದ್ವೆ ಕೆಲ್ಸ. ಇವತ್ತು ಸೋಮನಾಥಪುರದಲ್ಲಿ ಪೋಟೊ ತೆಗಿತಾರಂತೆ, ಗಂಡು ಹೆಣ್ಣು ಅದ್ರ ಮೇಲ್ ಕುಂತ್ಕಂಡು. ನೀವೂ ಅಲ್ಲಿಗೇ ಹೊಂಟಿದ್ದೀರಿ ಅನ್ಕಂಡೆ."

ಆ ಹುಡುಗನ ಮದುವೆ ಗೊತ್ತಾಗಿದೆ ಎಂದು ನನಗೆ ತಿಳಿದದ್ದು ಹಾಗೆ. ರೈಸ್ ಮಿಲ್ಲಿನವನಿಗೆ ಪತ್ರಿಕೆ ಬಂದಿತ್ತು, ನನಗೆ ಬಂದಿರಲಿಲ್ಲ. ಹೆಲ್ಮೆಟ್ಟಿನ ಚೀಲ ಹಿಡಿದು ಆಟೊ ಹತ್ತಿದೆ.

ಸೋಮನಾಥಪುರದ ಗುಡಿಗೆ ಸ್ವಲ್ಪ ಮೊದಲೇ, ಮರಗಳಿರುವ ಕಡೆ ರಸ್ತೆಯ ಪಕ್ಕ ಅವರೆಲ್ಲ ಇದ್ದರು. ಫೋಟೊದವರು ಬೆಳ್ಳಿ ಬಣ್ಣದ ಹಲಗೆ ಹಿಡಿದು ಬಿಸಿಲನ್ನು ತಿರುಗಿಸುತ್ತಿದ್ದರು. ಮದುವೆ ಹೆಣ್ಣು ನೆಲಕ್ಕೆ ಎಳೆಯುವ ನೀಲಿ ಗೌನು ತೊಟ್ಟು, ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದಳು. ಅವಳ ತಾಯಿ ಕೊಡೆ ಹಿಡಿದಿದ್ದರು. ನಡುವೆ ನನ್ನ ಗಾಡಿ, ಚೆಂಡುಹೂವಿನ ಹಾರ ಹಾಕಿಕೊಂಡು.

ಮೈದುನ ನನ್ನನ್ನು ಕಂಡು ನಿಜವಾದ ಸಂತೋಷದಿಂದಲೇ ಬಂದ.

"ಓಹೋ, ಅತ್ಗೆ! ಬನ್ನಿ ಬನ್ನಿ. ನಾವೇ ನಾಳೆ ನಂಜನಗೂಡ್ಗೆ ಕಾರ್ಡ್ ತಕ್ಕಂಡು ಬರವ ಅಂತಿದ್ದೊ. ಮೊದ್ಲು ಹೊರಗ್ನೋರ್ಗೆಲ್ಲ ಕೊಟ್ಟು, ಆಮೇಲೆ ಮನೆಯೋರ್ಗೆ ಅಂತ."

"ಗಾಡಿ ಯಾಕೆ ತಂದ್ರಿ?"

"ಅಣ್ಣಂತೂ ಇಲ್ಲ. ಅಣ್ಣನ್ ಗಾಡಿನಾದ್ರೂ ಮದ್ವೇಲಿ ಇರ್ಲಿ ಅಂತ ಹುಡ್ಗನ ಆಸೆ ಅತ್ಗೆ. ನೋಡಿ, ಏನ್ ಬರ್ಸವ್ನೆ ಅಂತ. ಬರ್ಸುವಾಗ ಅತ್ಬುಟ್ಟ."

ನೋಡಿದೆ. ನಮ್ಮ ಕಡೆ ಆಟೊ, ಟ್ರ್ಯಾಕ್ಟರು, ಬೈಕು ಎಲ್ಲದರ ಮೇಲೂ ಅಪ್ಪನ ಆಶೀರ್ವಾದ, ತಂದೆ ತಾಯಿ ಆಶೀರ್ವಾದ ಎಂದು ಬರೆಸುತ್ತಾರೆ. ದುಡ್ಡು ಹಾಕಿದವರ ಋಣ ತೀರಿಸುವ ರೀತಿ ಅದು. ನನ್ನ ಗಾಡಿಯ ಕಡುಗೆಂಪು ಟ್ಯಾಂಕಿನ ಮೇಲೆ, ಸೀಟಿನಲ್ಲಿ ಕೂತವರು ಓದುವ ಹಾಗೆ, ಹಳದಿ ಬಣ್ಣದಲ್ಲಿ ಬರೆದಿತ್ತು: ದೊಡ್ಡಪ್ಪನ ಆಶೀರ್ವಾದ. ಅಕ್ಷರ ಚೆನ್ನಾಗಿತ್ತು. ಎರಡು ಬದಿಗೂ ಬಳ್ಳಿ ಎಳೆದಿದ್ದರು.

"ಸ್ಟಿಕ್ಕರ್ ಅಲ್ಲ ದೊಡ್ಡವ್ವ, ಪೈಂಟರ್ ಕೈಲೇ ಬರ್ಸಿರದು" ಎಂದ ಹುಡುಗ. "ಮಳೆ ಬಿದ್ರೂ ಓಗಕಿಲ್ಲ."

"ಇದು ನಿನ್ ದೊಡ್ಡಪ್ಪನ ಗಾಡಿ ಅಲ್ಲ ಕಣಪ್ಪ."

"ಮತ್ಯಾರ್ದು?"

ಆ ಮಾತಿನಲ್ಲಿ ಕುಚೋದ್ಯ ಇರಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಎಡೆಯ ದಿನ 'ನಿಮ್ದೇ' ಎಂದದ್ದು ಉಪಚಾರಕ್ಕೆ; ಗಂಡನದು ಹೆಂಡತಿಗೆ ಉಳಿದಿದೆ ಎಂಬ ಅರ್ಥದಲ್ಲಿ. ಅವನು ಹುಟ್ಟುವ ಮೊದಲಿನಿಂದ ನಾನು ಓಡಿಸಿದ ಗಾಡಿ. ಅವನಿಗೆ ಲಸಿಕೆ ಹಾಕಲು ದೇವನೂರಿಗೆ ಹೋದದ್ದೂ ಅದರ ಮೇಲೇ. ಯಾರೂ ಅವನಿಗೆ ಹೇಳಿರಲಿಲ್ಲ. ನನ್ನನ್ನು ಸುಟ್ಟದ್ದು ಗಾಡಿ ತಂದದ್ದಲ್ಲ, ಇದು.

"ನನ್ನದು" ಎಂದೆ. "ನನ್ನ ಸಂಬಳದಲ್ಲಿ ಕೊಂಡದ್ದು. ಆರ್‌ಸಿ ನನ್ನ ಹೆಸರಲ್ಲಿದೆ. ಕೀಲಿ ಕೊಡು."

ಮೈದುನನ ಮುಖ ಕೆಂಪಾಯಿತು. ತಗ್ಗಿದ ದನಿಯಲ್ಲಿ, "ಆರ್ಸಿ ತೋರ್ಸಕ್ಕೆ ನಾವೇನ್ ಪೋಲೀಸ್ನೋರಾ ಅತ್ಗೆ? ಬೀಗ್ರ ಎದುರ್ಗೆ ಮಾನ ಕಳೀಬೇಡಿ. ಮದ್ವೆ ಆಗ್ಲಿ, ನಾನೇ ತಂದು ಮಡಗ್ತೀನಿ" ಎಂದ.

ಹೆಣ್ಣಿನ ತಾಯಿ ಕೊಡೆಯಡಿಯಿಂದಲೇ, "ಯಾರ್ದಾದ್ರೇನು, ಮನೇದೇ ತಾನೆ. ವಯಸ್ಸಾದೋರ್ಗೆ ಇಷ್ಟೊಂದ್ ಆಸೆ ಇರ್ಬಾರ್ದು" ಎಂದು ಯಾರಿಗೂ ಅಲ್ಲ ಎನ್ನುವ ಹಾಗೆ ಹೇಳಿದರು. ಫೋಟೊದವನಿಗೆ ಇದು ಯಾವುದೂ ಬೇಕಿರಲಿಲ್ಲ. ಬಿಸಿಲು ಏರುತ್ತಿತ್ತು. "ಅಜ್ಜಿ, ಒಸಿ ಸೈಡ್ಗೆ ಬನ್ನಿ, ಫ್ರೇಮಲ್ಲಿ ಬತ್ತಾ ಇದ್ದೀರ" ಎಂದು ಕೈ ಬೀಸಿದ. ನಾನು ಸರಿದೆ. ಯಾಕೆ ಸರಿದೆನೋ, ಬಹುಶಃ ಆಸ್ಪತ್ರೆಯ ಅಭ್ಯಾಸ, ಕೆಲಸ ಮಾಡುವವರ ಬೆಳಕಿಗೆ ಅಡ್ಡ ನಿಲ್ಲಬಾರದು. ಹುಡುಗ ಹುಡುಗಿ ಗಾಡಿಯ ಮೇಲೆ ಕೂತು, ಒಬ್ಬರನ್ನೊಬ್ಬರು ನೋಡಿ, ಹೇಳಿದಷ್ಟು ಹೊತ್ತು ನಕ್ಕರು. ಆ ಚಿತ್ರ ಮದುವೆಯ ಚಪ್ಪರದ ಬಾಗಿಲಲ್ಲಿ ಆಳೆತ್ತರ ನಿಂತಿತ್ತೆಂದು ಆಮೇಲೆ ಕೇಳಿದೆ.

ಅದು ಮುಗಿದ ಮೇಲೆ ಮತ್ತೆ ಕೈ ಚಾಚಿದೆ. ಹುಡುಗ ಅಪ್ಪನ ಮುಖ ನೋಡಿದ. ಕೊನೆಗೆ ಮಾತಾಡಿದವಳು ಮದುವೆ ಹೆಣ್ಣು.

"ಕೊಟ್ಬುಡಿ ಮಾವ. ನಮ್ಮಣ್ಣನ್ ಫ್ರೆಂಡ್ ಹತ್ರ ಇನ್ನೊಂದ್ ಅದೆ, ತರುಸ್ತೀನಿ. ಇದೇನ್ ಅಂಥಾ ಚೆಂದಾಗೂ ಇಲ್ಲ."

ಹುಡುಗ ಕೀಲಿಯನ್ನು ನನ್ನ ಕೈಗಿಟ್ಟು ಬೇರೆ ಕಡೆ ನೋಡಿದ. ನಾನು ಹಾರ ತೆಗೆದು ಕಲ್ಲಿನ ಮೇಲಿಟ್ಟೆ. ಹೆಲ್ಮೆಟ್ಟು ಹಾಕಿಕೊಂಡೆ. ಕಿಕ್ ಹೊಡೆದೆ. ಹತ್ತಲಿಲ್ಲ. ಮತ್ತೆ ಹೊಡೆದೆ. ಅವರು ಯಾವ ಪೆಟ್ರೋಲು, ಯಾವ ಆಯಿಲು ಬೆರೆಸಿದ್ದರೋ. ಅಷ್ಟೂ ಜನ ನೋಡುತ್ತಿದ್ದರು. ಮೊಣಕಾಲಿನಿಂದ ನೋವು ಸೊಂಟಕ್ಕೆ ಏರಿತು. "ನಾ ಒಡೀತೀನಿ ಬುಡಿ ದೊಡ್ಡವ್ವ" ಎಂದು ಹುಡುಗ ಒಂದು ಹೆಜ್ಜೆ ಮುಂದೆ ಬಂದ. ಬೇಡ ಎಂದೆ. ಅವನು ಮೃದುವಾಗಿಯೇ ಕೇಳಿದ್ದ. ನಾನು ಮೃದುವಾಗಿ ಹೇಳಲಿಲ್ಲ. ಗಾಡಿ ಹತ್ತಿತು. ಹೊಗೆ ಹೆಣ್ಣಿನ ನೀಲಿ ಗೌನಿನ ಕಡೆ ಹೋಯಿತು. ಅದು ನಾನು ಬೇಕೆಂದು ಮಾಡಿದ್ದಲ್ಲ ಎಂದು ಹೇಳಿದರೆ ದೇವನೂರಿನಲ್ಲಿ ಯಾರೂ ನಂಬುವುದಿಲ್ಲ.

ತಿ. ನರಸೀಪುರದವರೆಗೂ ದೊಡ್ಡಪ್ಪನ ಆಶೀರ್ವಾದವನ್ನು ಓದಿಕೊಂಡು ಬಂದೆ. ತಲೆ ತಗ್ಗಿಸಿದರೆ ಅದು, ಎತ್ತಿದರೆ ರಸ್ತೆ. ಆ ಮನುಷ್ಯ ಬದುಕಿದ್ದಾಗ ಟ್ಯಾಂಕಿಗೆ ಪೆಟ್ರೋಲ್ ಹಾಕಿಸಿದವರಲ್ಲ. ಕಟ್ಟುಮಸ್ತಾದ ಆಳು, ಒಳ್ಳೆಯ ಮಾತುಗಾರ, ಊರಿಗೆ ಬೇಕಾದವರು. ಅವರ ಬಗ್ಗೆ ನನಗಿದ್ದ ದೂರು ಇಷ್ಟೇ, ಎದ್ದೇಳುತ್ತಿರಲಿಲ್ಲ ಎಂಬುದು. ಸತ್ತ ಮೇಲೆ ದೂರನ್ನೂ ಬಿಟ್ಟಿದ್ದೆ. ಈಗ ಹಳದಿ ಅಕ್ಷರದಲ್ಲಿ ಅವರನ್ನೇ ಮತ್ತೆ ನನ್ನ ಮುಂದೆ ಕೂರಿಸಿದ್ದರು. ನಾನು ಓಡಿಸಬೇಕು, ಆಶೀರ್ವಾದ ಅವರದು.

ತಿ. ನರಸೀಪುರದ ಒಬ್ಬ ಪೈಂಟರಿಗೆ ತೋರಿಸಿದೆ. ಅಕ್ಷರ ತೆಗೆಯಬಹುದು, ಆದರೆ ಕೆಳಗಿನ ಬಣ್ಣವೂ ಬರುತ್ತದೆ, ಆ ಕೆಂಪು ಈಗ ಸಿಗುವುದಿಲ್ಲ ಎಂದ. ತೆಗೆ ಎಂದು ಗಾಡಿಯನ್ನು ಆ ತಿಂಗಳು ಅವನ ಅಂಗಡಿಯಲ್ಲೇ ಬಿಟ್ಟೆ. ತೆಗೆದ. ಈಗ ಟ್ಯಾಂಕಿನ ಮೇಲೆ ಅಂಗೈ ಅಗಲ ಬರೀ ತಗಡು. ತುಕ್ಕು ಹಿಡಿಯದಿರಲೆಂದು ಪ್ರತಿ ಸಲವೂ ಎಣ್ಣೆ ಸವರುತ್ತೇನೆ.

ಮದುವೆಯ ಪತ್ರಿಕೆ ಬರಲಿಲ್ಲ. ಮದುಮಕ್ಕಳನ್ನು ಗಾಡಿಯಿಂದ ಇಳಿಸಿದ ನರ್ಸಮ್ಮ ಎಂದು ಆ ಕಡೆಯೆಲ್ಲ ಹೆಸರಾಯಿತು. ಬಸ್ಸಿನಲ್ಲಿ ಸಿಕ್ಕ ದೇವನೂರಿನ ಹೆಂಗಸೊಬ್ಬಳು, ನನ್ನ ಕೈಯಲ್ಲೇ ಅವಳ ಹೆರಿಗೆಯಾಗಿತ್ತು, "ಏನಕ್ಕ ನೀವು, ಒಂದ್ ಗಾಡಿಗೋಸ್ಕರ ನೆಂಟಸ್ತನ ಕಳ್ಕಂಡ್ರಲ್ಲ" ಎಂದು ಮರುಗಿದಳು. ಮೈದುನನ ಮನೆಯವರು ಏನು ಕಳೆದುಕೊಂಡರು ಎಂದು ಅವಳು ಕೇಳಲಿಲ್ಲ.

ಬೇರೆ ಜಾಗ ಹುಡುಕಿದೆ. ನಂಜನಗೂಡಿನಲ್ಲಿ ಮಳೆಗಾಲಕ್ಕೆ ನಂಬುವಂಥದು ಸಿಗಲಿಲ್ಲ. ಬಸ್ ನಿಲ್ದಾಣದ ಬಳಿಯ ಸ್ಟ್ಯಾಂಡಿನಲ್ಲಿ ತಿಂಗಳುಗಟ್ಟಲೆ ಬಿಡುವಂತಿಲ್ಲ. ಮುಂದಿನ ತಿಂಗಳ ಮೊದಲ ಭಾನುವಾರ ಗಾಡಿ ತೆಗೆದುಕೊಂಡು ಮತ್ತೆ ಅದೇ ಮಿಲ್ಲಿಗೆ ಹೋದೆ. ಮಾಲೀಕ ಹಿಂದಿನದನ್ನೆಲ್ಲ ಮರೆತವನಂತೆ ಕುರ್ಚಿ ಎಳೆದು ಕೂರಿಸಿ ಟೀ ತರಿಸಿದ.

"ಅವತ್ತು ನಿಮ್ಗೆ ಬೇಜಾರಾಯ್ತು ಕಣವ್ವಾ, ನಂಗೆ ನಿದ್ದೆ ಬರ್ನಿಲ್ಲ. ಇನ್ಮುಂದೆ ಅಂಗಾಗ್ಬಾರ್ದು ಅಂತ ಒಂದ್ ರೂಲ್ಸ್ ಮಾಡಿವ್ನಿ. ಎಂಗುಸ್ರ ಗಾಡಿ ಇದ್ರೆ, ಅವ್ರ ಮನೆ ಗಂಡಸ್ರುದು ಒಂದ್ ಫೋನ್ ನಂಬರ್ ಇಸ್ಕತೀನಿ. ಯಾರೇ ಬಂದ್ ಕೇಳ್ಲಿ, ಆ ಗಂಡಸ್ರು ಊ ಅನ್ನೋ ತಂಕ ಶಟರ್ ಎತ್ತಕಿಲ್ಲ. ಬೇಕಾರೆ ನೀವೇ ಬಂದ್ರೂ ಎತ್ತಕಿಲ್ಲ!"

ತನ್ನ ಜಾಣತನಕ್ಕೆ ತಾನೇ ನಕ್ಕ. ನಾನು ಟೀ ಲೋಟ ಕೆಳಗಿಟ್ಟೆ.

"ಗಾಡಿ ನನ್ನದು. ನನ್ನ ನಂಬರ್ ಇದೆಯಲ್ಲ ನಿಮ್ಮ ಹತ್ರ."

"ಅದು ಬಾಡ್ಗೆಗೆ ಆಯ್ತದೆ. ಇದು ಸೆಕ್ಯೂರಿಟಿಗೆ."

"ನನ್ನ ಮನೇಲಿ ಗಂಡಸರು ಇಲ್ಲ."

"ತಮ್ಮಂದ್ರು? ಅಕ್ಕನ್ ಮಕ್ಳು?"

"ಯಾರೂ ಇಲ್ಲ."

ಅವನು ನನ್ನನ್ನು ನೋಡಿದ. ಗೂಡು ಖಾಲಿ ಇದ್ದ ದಿನವೂ ಅವನ ಮುಖದಲ್ಲಿ ಕಾಣದಿದ್ದ ಮರುಕ ಈಗ ಕಂಡಿತು. "ಪಾಪ" ಎಂದ. ತೊಡೆ ತಟ್ಟಿ ಎದ್ದ.

"ಓಗ್ಲಿ ಬುಡಿ ಅವ್ವಾ. ನಿಮ್ ಕಡೆಯಿಂದ ನನ್ ನಂಬರ್ನೇ ಆಕ್ಕತೀನಿ."

ಹಾಗಾಗಿ ಈಗ ಯಾರಾದರೂ ಎಲೆ ಅಡಿಕೆಯ ತಟ್ಟೆ ಹಿಡಿದು ಬಂದು ನನ್ನ ಗಾಡಿ ಕೇಳಿದರೆ, ಕೊಡಬಹುದೋ ಬೇಡವೋ ಎಂದು ಅವನು ಅವನನ್ನೇ ಕೇಳಿಕೊಳ್ಳಬೇಕು. ನಾನು ವಾದಿಸಲಿಲ್ಲ. ಗಾಡಿಯ ಎರಡು ಕೀಲಿಯೂ ಈಗ ನನ್ನ ಬಳಿಯೇ ಇದ್ದವು, ಶಟರಿನದನ್ನೂ ಕೊಡಿ ಎಂದೆ. ಹಾಗಾದರೆ ವಾರವಾರ ಎಂಜಿನ್ ಚಾಲೂ ಮಾಡುವವರು ಯಾರು, ಬಾಡಿಗೆ ಮಾತ್ರ ಕಡಿಮೆ ಮಾಡುವುದಿಲ್ಲ ಎಂದ. ಮಾಡಬೇಡಿ ಎಂದೆ. ಶಟರಿಗೆ ಪೇಟೆಯಿಂದ ಹೊಸ ಬೀಗ ತಂದು ಹಾಕಿದೆ. ಈಗ ವಾರಕ್ಕೊಮ್ಮೆ ನಾನೇ ನಂಜನಗೂಡಿನಿಂದ ಬಸ್ಸಿನಲ್ಲಿ ಬಂದು ಕಿಕ್ ಹೊಡೆದು ಹೋಗುತ್ತೇನೆ. ಮೊಣಕಾಲು ಬೇಡ ಎನ್ನುತ್ತದೆ. ಅದನ್ನು ನಾನು ಕೇಳುವುದಿಲ್ಲ.